ಚನ್ನಪಟ್ಟಣದ ಉಕ್ಕಿನ ತಂತಿ ಮತ್ತು ಬಾಸ್ ಗಿಟಾರಿನ ದನಿ

ಚನ್ನಪಟ್ಟಣವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟ ಬೊಂಬೆಗಳು. ಇನ್ನೂರು ವರ್ಷಗಳ ಹಿಂದೆ ಆ ಊರಿಗೆ ಇನ್ನೊಂದು ಖ್ಯಾತಿಯೂ ಇತ್ತು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯನ್ನೆಲ್ಲ ಸುತ್ತಿದನು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಚನ್ನಪಟ್ಟಣದ ಗಾಜಿನ ಬಳೆಗಳ ಜೊತೆಗೆ, ಅಲ್ಲಿ ತಯಾರಾಗುತ್ತಿದ್ದ ಉಕ್ಕಿನ ತಂತಿಯ ಪ್ರಸ್ತಾಪವಿದೆ. ವಾದ್ಯಗಳಿಗೆ ಬಿಗಿಯುವ ಆ ತಂತಿ ಭಾರತದ ದೂರದೂರದ ಪ್ರಾಂತ್ಯಗಳಿಗೆ ಹೋಗುತ್ತಿತ್ತಂತೆ. ಮಾಗಡಿ ಕಡೆಯ ಬೆಟ್ಟಗಳ ಸುತ್ತ ಕಬ್ಬಿಣ ಕರಗಿಸುವ ಕುಲುಮೆಗಳನ್ನೂ ಅವನು ಕಂಡು ಬರೆದಿದ್ದಾನೆ. ಮುಂದೆ ಬಂದ ಮೈಸೂರು ಗೆಜೆಟಿಯರಿನಲ್ಲಿಯೂ ಬೊಂಬೆ, ಬಳೆಗಳ ಸಾಲಿನಲ್ಲಿ ತಂತಿಗೆ ಸ್ಥಾನ ಸಿಕ್ಕಿದೆ. ಎಲ್ಲಿಯೋ ಒಬ್ಬ ವೈಣಿಕನ ಬೆರಳ ಕೆಳಗೆ ನಮ್ಮ ಚನ್ನಪಟ್ಟಣ ಮಿಡಿಯುತ್ತಿತ್ತು ಎಂಬುದನ್ನು ನೆನೆದರೆ ಹೆಮ್ಮೆಯೆನಿಸುತ್ತದೆ. ಆ ಕಸುಬು ಇಂದು ಉಳಿದಿಲ್ಲ. ಬೊಂಬೆ ಉಳಿದು, ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು.

ಇದನ್ನೇಕೆ ನೆನೆಯಬೇಕೆಂದರೆ, ಈಗ ನಮ್ಮ ಗಾಯನವೃಂದಗಳಿಗೆ ಕಾಲಿಟ್ಟಿರುವ ಬಾಸ್ ಗಿಟಾರಿನ ಕಥೆಯೂ ಉಕ್ಕಿನ ತಂತಿಯಿಂದಲೇ ಆರಂಭವಾಗುತ್ತದೆ. ಕರುಳಿನ ತಂತಿಯಾದರೆ ಆ ವಾದ್ಯ ಮೂಕ. ತಂತಿಯ ಕೆಳಗೆ ಅಯಸ್ಕಾಂತವಿದ್ದು, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕು ಅದುರಿದಾಗ ಆ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಡುವ ಪೆಟ್ಟಿಗೆಯೇ ಆಂಪ್ಲಿಫೈಯರ್. ಬಾಸ್ ಗಿಟಾರಿಗೆ ಸ್ವಂತ ಹೊಟ್ಟೆಯಿಲ್ಲ. ವೀಣೆಗೆ ಕೊಡ ಹೇಗೋ ಇದಕ್ಕೆ ಆ ಪೆಟ್ಟಿಗೆ ಹಾಗೆ.

ಅದಕ್ಕೂ ಮೊದಲು ಪಾಶ್ಚಾತ್ಯ ವೃಂದಗಳಲ್ಲಿ ಮಂದ್ರವನ್ನು ಹಿಡಿಯುತ್ತಿದ್ದುದು ಆಳೆತ್ತರದ ಡಬಲ್ ಬಾಸ್. ತುತ್ತೂರಿ, ಡ್ರಮ್ಮುಗಳ ನಡುವೆ ಅದರ ದನಿ ಕೇಳಿಸುತ್ತಿರಲಿಲ್ಲ. 1940ರ ದಶಕದಲ್ಲಿ ಅಮೆರಿಕದ ಎವರೆಟ್ ಹಲ್ ಎಂಬ ವಾದಕನು ಡಬಲ್ ಬಾಸ್ ನಿಲ್ಲುವ ಗೂಟದೊಳಗೇ ಮೈಕನ್ನು ಅಡಗಿಸಿದನು. ಗೂಟಕ್ಕೆ ಇಂಗ್ಲಿಷಿನಲ್ಲಿ ಪೆಗ್ ಎನ್ನುವುದರಿಂದ ಅವನ ಕಂಪನಿಗೆ ಆಂಪೆಗ್ ಎಂಬ ಹೆಸರು ಬಂದಿತು. 1951ರಲ್ಲಿ ಲಿಯೋ ಫೆಂಡರ್ ಹೆಗಲಿಗೆ ನೇತುಹಾಕಿಕೊಳ್ಳಬಹುದಾದ ಪ್ರಿಸಿಷನ್ ಬಾಸನ್ನು ಮಾರುಕಟ್ಟೆಗೆ ತಂದನು. ಮರುವರ್ಷವೇ ಅದಕ್ಕೆಂದು 'ಬಾಸ್‌ಮನ್' ಎಂಬ ಆಂಪ್ಲಿಫೈಯರನ್ನೂ ಮಾಡಿದನು. ವಿನೋದವೆಂದರೆ, ಬಾಸಿಗೆಂದು ಹುಟ್ಟಿದ ಆ ಪೆಟ್ಟಿಗೆ ಹೆಸರಾದದ್ದು ಸಾಮಾನ್ಯ ಗಿಟಾರ್ ನುಡಿಸುವವರ ಕೈಯಲ್ಲಿ. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ತಯಾರಿಸಿದ ಮೊದಲ ಆಂಪ್ಲಿಫೈಯರಿಗೂ ಅದೇ ಮಾದರಿ. ಬಾಸಿಗೆ ಇನ್ನೂ ಹೆಚ್ಚಿನ ಬಲ ಬೇಕಾಗಿತ್ತು. 1969ರಲ್ಲಿ ಆಂಪೆಗ್ ಕಂಪನಿ 300 ವ್ಯಾಟಿನ ದೈತ್ಯವೊಂದನ್ನು ಹೊರತಂದಿತು. ಧ್ವನಿವರ್ಧಕಗಳನ್ನು ಬಿಟ್ಟು ಅದರ ತಲೆಭಾಗವನ್ನೆತ್ತಲಿಕ್ಕೇ ಇಬ್ಬರು ಬೇಕಾಗಿತ್ತು.

ಇಷ್ಟೊಂದು ಬಲವೇಕೆ? ನಮ್ಮ ಕಿವಿಯ ರಚನೆಯೇ ಅದಕ್ಕೆ ಕಾರಣ. ಬಾಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಷ್ಟು ತಗ್ಗಿನ ನಾದಕ್ಕೆ ಕಿವಿ ಮಂದ. ಇದನ್ನು ಫ್ಲೆಚರ್ ಮತ್ತು ಮನ್‌ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದ್ದರು. ಮಾತು ಸಣ್ಣ ಪೆಟ್ಟಿಗೆಯಲ್ಲಿ ಕೇಳಿಸೀತು, ಮಂದ್ರಕ್ಕೆ ಅಗಲವಾದ ಧ್ವನಿವರ್ಧಕವೂ ಹೆಚ್ಚು ವ್ಯಾಟೂ ಬೇಕು.

ನಮ್ಮ ಸೀಮೆಯ ಜನ ಈ ದನಿಯನ್ನು ಮೊದಲು ಕೇಳಿದ್ದು ಚಿತ್ರಮಂದಿರಗಳಲ್ಲಿ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರ ಆಗಸ್ಟ್ 15ರಂದು ತೆರೆಕಂಡ 'ಶೋಲೆ' ಚಿತ್ರವು 70 ಎಂ.ಎಂ. ತೆರೆಗೂ ಸ್ಟೀರಿಯೋ ಧ್ವನಿಗೂ ಹೆಸರಾಯಿತು. ಅದರ ಸಂಗೀತ ನಿರ್ದೇಶಕ ಆರ್. ಡಿ. ಬರ್ಮನ್ ಅವರ ವಾದ್ಯವೃಂದದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದವರು ಟೋನಿ ವಾಜ್. ಹಾಗೆಂದು ಮಂದ್ರ ನಮಗೆ ಹೊಸದೇನಲ್ಲ. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೋದವರು ನಗಾರಿ, ಡೊಳ್ಳುಗಳ ಮುಂದೆ ನಿಂತು ನೋಡಲಿ. ಎದೆಯಲ್ಲಿ ಕೇಳಿಸುವ ದನಿ ಯಾವುದೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು.

ದೇವಾಲಯದೊಳಕ್ಕೆ ಅದು ಬಂದ ದಾರಿ ಬೇರೆ. 1963ರ ಡಿಸೆಂಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಆರಾಧನಾ ವಿಧಿಯ ಕುರಿತ ತನ್ನ ಸಂವಿಧಾನದಲ್ಲಿ ಪೈಪ್ ಆರ್ಗನ್ನಿಗೆ ವಿಶೇಷ ಗೌರವ ಕೊಟ್ಟು, ಪವಿತ್ರ ಕಾರ್ಯಕ್ಕೆ ಒಗ್ಗುವ ಬೇರೆ ವಾದ್ಯಗಳನ್ನು ಧರ್ಮಾಧ್ಯಕ್ಷರ ಸಮ್ಮತಿಯಿಂದ ಬಳಸಬಹುದೆಂದಿತು. ಹಾಡು ಲತೀನಿನಿಂದ ಕನ್ನಡಕ್ಕೆ ಬಂದಿತು. ಹಾರ್ಮೋನಿಯಂ, ತಬಲ, ಕೀಬೋರ್ಡು ಒಂದೊಂದಾಗಿ ಜೊತೆಗೂಡಿದವು. 1967ರ ಮಾರ್ಚ್ 5ರಂದು ಹೊರಬಂದ, ಪವಿತ್ರ ಸಂಗೀತದ ಕುರಿತ ನಿರ್ದೇಶನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಡಿನ ಮಾತು ತಿಳಿಯದಂತೆ ವಾದ್ಯದ ದನಿ ಕಂಠವನ್ನು ಮುಚ್ಚಬಾರದು, ಗುರುಗಳು ತಮ್ಮ ಪಾಲಿನ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುವಾಗ ವಾದ್ಯಗಳು ಮೌನವಾಗಿರಬೇಕು ಎಂದು ವಿಧಿಸಿತು. ಬಾಸ್ ಗಿಟಾರ್ ಬೇಕೋ ಬೇಡವೋ ಎಂದು ವಾದ ಮಾಡುವ ಯುವಕರೂ ಹಿರಿಯರೂ ಈ ಎರಡು ಮಾತನ್ನು ಓದಿದರೆ ಅರ್ಧ ಜಗಳ ಮುಗಿದೀತು. ನನ್ನ ಮಟ್ಟಿಗೆ, ವಾದ್ಯದ ಮೇಲೆ ದೂರಿಲ್ಲ. ಗುಂಡಿ ತಿರುಗಿಸುವ ಕೈಯನ್ನು ತಿದ್ದಬೇಕು.

ಮಂದ್ರಕ್ಕೆ ಒಂದು ವಿಶೇಷ ಗುಣವಿದೆ. ಜೋರಾದ ತಗ್ಗು ನಾದವು ತನಗಿಂತ ಮೇಲಿನ ನಾದಗಳನ್ನು ಮುಚ್ಚಿಬಿಡುತ್ತದೆ. ಮೇಲಿನದು ತಗ್ಗಿನದನ್ನು ಅಷ್ಟಾಗಿ ಮುಚ್ಚಲಾರದು. ನಮ್ಮ ಮಾತಿನ ಸ್ಪಷ್ಟತೆಯಿರುವುದು ವ್ಯಂಜನಗಳಲ್ಲಿ, ಅಂದರೆ ಮೇಲಿನ ಕಂಪನಗಳಲ್ಲಿ. ಅದರ ಮೇಲೆ ಎತ್ತರದ ಚಾವಣಿ, ಗಾರೆಯ ಗೋಡೆ, ಕಲ್ಲುಹಾಸಿನ ನೆಲ. ಒಂದು ಸ್ವರ ಆರುವ ಮುನ್ನ ಇನ್ನೊಂದು ಹುಟ್ಟಿ ಎಲ್ಲವೂ ಗುಡುಗಾಗುತ್ತದೆ. ಕೊನೆಯ ಬೆಂಚಿನಲ್ಲಿ ಕುಳಿತ ಅಜ್ಜಿಗೆ ಕೀರ್ತನೆಯ ಒಂದು ಪದವೂ ದಕ್ಕುವುದಿಲ್ಲ.

ಆದುದರಿಂದ ಪೆಟ್ಟಿಗೆಯನ್ನು ಎಲ್ಲಿಡಬೇಕೆಂಬುದೇ ಮೊದಲ ಪ್ರಶ್ನೆ. ಮೂಲೆಯಲ್ಲಿಟ್ಟರೆ ಎರಡು ಗೋಡೆ, ಒಂದು ನೆಲ ಸೇರಿ ಮಂದ್ರವನ್ನು ಉಬ್ಬಿಸುತ್ತವೆ. ಗೋಡೆಯಿಂದ ಸುಮಾರು ಎರಡು ಮೀಟರ್ ಮುಂದಿಟ್ಟರೆ ಇನ್ನೊಂದು ವಿಚಿತ್ರ: 41 ಕಂಪನದ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು, ಗೋಡೆಗೆ ಬಡಿದು ಮರಳುವ ಅಲೆ ಅರ್ಧ ಅಲೆಯಷ್ಟು ಹಿಂದುಳಿದು, ಮುಂದಿನದನ್ನು ಅಳಿಸಿಹಾಕುತ್ತದೆ. ಹಾಗಾಗಿ ನುಡಿಸುವವನು ನಿಂತಲ್ಲಿ ದನಿ ಕೇಳದೆ ಗುಂಡಿ ತಿರುಗಿಸುತ್ತಾನೆ, ಹಿಂದಿನ ಸಾಲಿನಲ್ಲಿ ಕಿಟಕಿಯ ಗಾಜು ನಡುಗುತ್ತದೆ. ಮೂಲೆ ಬಿಟ್ಟು ಗೋಡೆಯ ಸಮೀಪವಿಟ್ಟು, ಒಬ್ಬರು ಕೊನೆಯ ಬೆಂಚಿನವರೆಗೆ ನಡೆದು ಕೇಳಿ ಬಂದು ಹೇಳುವುದೊಂದೇ ಸರಿಯಾದ ಪರೀಕ್ಷೆ.

ಆಮೇಲಿನ ಕ್ರಮ ಸರಳ. ಮೊದಲು ತಂತಿಗಳನ್ನೆಲ್ಲ ಜೋಡಿಸಿ, ಮಾಸ್ಟರ್ ವಾಲ್ಯೂಮನ್ನು ಸೊನ್ನೆಗಿಳಿಸಿ, ಬಳಿಕ ಸ್ವಿಚ್ ಒತ್ತಬೇಕು. ಬಾಸ್, ಮಿಡ್ಲ್, ಟ್ರೆಬಲ್ ಗುಂಡಿಗಳು ನಡುಮಧ್ಯದಲ್ಲಿರಲಿ. ಅತಿ ಜೋರಾಗಿ ಮಿಡಿದಾಗ ಕೆಂಪು ದೀಪ ಮಿನುಗುವವರೆಗೆ ಗೇನನ್ನು ಏರಿಸಿ, ತುಸು ಇಳಿಸಿ, ಆಮೇಲೆ ವಾಲ್ಯೂಮನ್ನು ಮೆಲ್ಲಗೆ ಎತ್ತಬೇಕು. ಸ್ವರ ಕಲಸಿಹೋದರೆ ಬಾಸ್ ಗುಂಡಿಯನ್ನು ಏರಿಸುವುದು ಎಲ್ಲರ ಅಭ್ಯಾಸ. ಪ್ರತಿಧ್ವನಿಯಿರುವ ದೇವಾಲಯದಲ್ಲಿ ಅದನ್ನು ಇಳಿಸಿ ಮಿಡ್ಲನ್ನು ಕೊಂಚ ಏರಿಸಿದರೆ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಗಿಟಾರಿನ ತಂತಿಗೂ ಧ್ವನಿವರ್ಧಕದ ತಂತಿಗೂ ವ್ಯತ್ಯಾಸವಿದೆ, ಅದಲುಬದಲಾಗಬಾರದು. 8 ಓಮಿನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಸೇರಿಸಿದರೆ 4 ಓಮ್ ಆಗುತ್ತದೆ; ಆಂಪ್ಲಿಫೈಯರ್ ಅದಕ್ಕೆ ತಕ್ಕದ್ದೋ ಎಂದು ಹಿಂಬದಿಯ ಬರಹವನ್ನು ಓದಿಕೊಳ್ಳಬೇಕು.

ಗುಂಡಿಗಳೆಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಇಪ್ಪತ್ತೇಳರ ಗಿಟಾರ್ ವಾದಕ ವೇದಿಕೆಯ ಮೇಲೆಯೇ ಸತ್ತ. ಒಂದು ಕೈ ಗಿಟಾರಿನ ತಂತಿಯ ಮೇಲಿತ್ತು. ಅರ್ಥಿಂಗ್ ಇಲ್ಲದ ಮೈಕನ್ನು ಇನ್ನೊಂದು ಕೈ ಮುಟ್ಟಿತು. ನಮ್ಮ ಊರಹಬ್ಬಗಳಲ್ಲಿ ಜನರೇಟರಿನಿಂದ ಎಳೆದ ತಂತಿಗೆ ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲನ್ನೇ ಕಿತ್ತು ಸಿಕ್ಕಿಸುವುದನ್ನು ಯಾರು ಕಂಡಿಲ್ಲ? ಆ ದಪ್ಪ ಕಾಲು ನಮ್ಮ ಹುಡುಗನ ಪ್ರಾಣ. ಆಂಪ್ಲಿಫೈಯರ್, ಮೈಕ್ ಸೆಟ್ಟು ಎರಡಕ್ಕೂ ಒಂದೇ ಕಡೆಯಿಂದ, ಸರಿಯಾದ ಅರ್ಥಿಂಗಿರುವ ಬೋರ್ಡಿನಿಂದ ವಿದ್ಯುತ್ತು ಕೊಡಿಸುವುದು ಕಾರ್ಯಕ್ರಮ ನಡೆಸುವವರ ಹೊಣೆ.

ಗೋಡೆಯಾಚೆಯ ನೆರೆಯವರ ವಿಷಯವೂ ಉಂಟು. ಚೆನ್ನೈನ ಒಂದು ಪೆಂತೆಕೋಸ್ತ್ ಪ್ರಾರ್ಥನಾ ಮಂದಿರದ ಡ್ರಮ್ಮು, ಗಿಟಾರು, ಧ್ವನಿವರ್ಧಕಗಳ ಮೇಲಿನ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2000ದ ಆಗಸ್ಟ್ 30ರಂದು ತೀರ್ಪಾಯಿತು. ಪರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳಿಲ್ಲವೆಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು. ಅದೇ ವರ್ಷದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಮಂದ್ರವೇ ಗೋಡೆಯನ್ನು ದಾಟಿ ಹೆಚ್ಚು ದೂರ ಹೋಗುವುದರಿಂದ, ನೆರೆಮನೆಯ ಮಗುವಿನ ನಿದ್ದೆ ಕೆಡಿಸುವುದೂ ಅದೇ.

ಬಯಲಿನಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಪ್ರಭುವಿನ ಪಾಡುಗಳ ನಾಟಕ ನಡೆದುಬಂದಿದೆ. ಅಂಥ ಬಯಲಿನಲ್ಲಿ ಗೋಡೆಯಿಲ್ಲ, ಚಾವಣಿಯಿಲ್ಲ. ಮಂದ್ರ ನಾಲ್ಕು ದಿಕ್ಕಿಗೂ ಹರಡಿ ತೆಳುವಾಗುತ್ತದೆ. ಒಳಾಂಗಣದಲ್ಲಿ ಗುಡುಗಿದ ಅದೇ ಪೆಟ್ಟಿಗೆ ಅಲ್ಲಿ ಕೆಮ್ಮುತ್ತದೆ. ಆಗ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಧ್ವನಿವರ್ಧಕವನ್ನು ಹರಿಸಿಕೊಳ್ಳುವ ಬದಲು, ಪೆಟ್ಟಿಗೆಯನ್ನು ಮಂಚದ ಮೇಲಿಂದಿಳಿಸಿ ನೆಲದ ಮೇಲೆಯೇ ಇಟ್ಟು, ಡಿ.ಐ. ತಂತಿಯ ಮೂಲಕ ಅದರ ದನಿಯನ್ನು ದೊಡ್ಡ ಮೈಕ್ ಸೆಟ್ಟಿಗೆ ಸೇರಿಸುವುದು ಒಳ್ಳೆಯದು.