ಪರದೆ ಹಂಚಿಕೆ: ತೋರಿಸುವ ಮುನ್ನ ತಿಳಿದಿರಬೇಕಾದದ್ದು

ವೀಡಿಯೊ ಸಭೆಯಲ್ಲಿ ಒಬ್ಬರ ಕಂಪ್ಯೂಟರ್ ಅಥವಾ ಮೊಬೈಲಿನ ಪರದೆಯ ಮೇಲೆ ಕಾಣುವುದನ್ನು ಉಳಿದವರೂ ಅದೇ ಕ್ಷಣದಲ್ಲಿ ನೋಡುವಂತೆ ಮಾಡುವ ಸೌಲಭ್ಯಕ್ಕೆ ಸ್ಕ್ರೀನ್ ಷೇರಿಂಗ್, ಅಂದರೆ ಪರದೆ ಹಂಚಿಕೆ ಎಂದು ಹೆಸರು. 2020ರ ಲಾಕ್‌ಡೌನ್ ದಿನಗಳಲ್ಲಿ ಮಕ್ಕಳ ಪಾಠದಿಂದ ಹಿಡಿದು ಸಂಘಗಳ ಸಭೆಗಳವರೆಗೆ ಇದು ಬಳಕೆಗೆ ಬಂದಿತು. ಊರಿನಲ್ಲಿರುವ ತಂದೆತಾಯಿಯರಿಗೆ ದೂರದಿಂದಲೇ ಮೊಬೈಲ್ ಬಳಕೆ ಕಲಿಸಲು ಇಂದು ಅನೇಕರು ಇದನ್ನೇ ಅವಲಂಬಿಸಿದ್ದಾರೆ.

ಹಿನ್ನೆಲೆ

ಈ ಕಲ್ಪನೆ ಹೊಸದಲ್ಲ. 1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅವರು, ಸುಮಾರು 30 ಮೈಲಿ ದೂರದ ಮೆನ್ಲೊ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿಯೊಡನೆ ಒಂದೇ ಬರಹವನ್ನು ಪರದೆಯ ಮೇಲೆ ಹಂಚಿಕೊಂಡು ತೋರಿಸಿದ್ದರು. 1996ರಲ್ಲಿ ಮೈಕ್ರೊಸಾಫ್ಟ್‌ನ ನೆಟ್‌ಮೀಟಿಂಗ್ ಬಂದಿತು. ವಾಟ್ಸ್‌ಆಪ್‌ನ ವೀಡಿಯೊ ಕರೆಯಲ್ಲಿ 2023ರ ಆಗಸ್ಟ್‌ನಲ್ಲಿ ಈ ಸೌಲಭ್ಯ ಸೇರಿದ ಬಳಿಕ ಅದು ಸಾಮಾನ್ಯರ ಕೈಗೂ ಎಟುಕಿತು.

ಹಂಚುವ ಬಗೆ

ಕಂಪ್ಯೂಟರಿನಲ್ಲಿ ಇಡೀ ಪರದೆಯನ್ನು ಹಂಚಬಹುದು, ಇಲ್ಲವೇ ಒಂದು ಕಿಟಕಿಯನ್ನು ಮಾತ್ರ ಹಂಚಬಹುದು. ಗೂಗಲ್ ಮೀಟ್‌ನಲ್ಲಿ ಬ್ರೌಸರಿನ ಒಂದೇ ಟ್ಯಾಬನ್ನು ಹಂಚುವುದಕ್ಕೂ ಅವಕಾಶವಿದೆ. ಇಡೀ ಪರದೆಯನ್ನು ತೆರೆದಿಟ್ಟರೆ ನಡುವೆ ಬರುವ ಸಂದೇಶಗಳೂ ಎಲ್ಲರಿಗೂ ಕಾಣುತ್ತವೆ. ಆದುದರಿಂದ ಬೇಕಾದ ಕಿಟಕಿಯನ್ನಷ್ಟೇ ಆಯ್ದುಕೊಳ್ಳುವುದು ಲೇಸು. ಹಾಡನ್ನೋ ವೀಡಿಯೊವನ್ನೋ ಕೇಳಿಸಬೇಕಾದರೆ ಧ್ವನಿ ಹಂಚುವ ಆಯ್ಕೆಯನ್ನೂ ಗುರುತು ಮಾಡಬೇಕು. ಇಲ್ಲವಾದರೆ ಚಿತ್ರ ಮಾತ್ರ ಕಂಡು ಧ್ವನಿ ಸರಿಯಾಗಿ ತಲುಪದೆ ಹೋಗಬಹುದು.

ಸಂಘದ ಲೆಕ್ಕಪತ್ರವನ್ನು ತೋರಿಸುವ ಖಜಾಂಚಿಗಳು ಸದಸ್ಯರ ದೂರವಾಣಿ, ಪ್ಯಾನ್ ಹಾಗೂ ಖಾತೆ ಸಂಖ್ಯೆಗಳ ಅಂಕಣಗಳನ್ನು ಮೊದಲೇ ಮರೆಮಾಡಬೇಕು. ಸಭೆಯ ವೀಡಿಯೊ ಮುದ್ರಿಕೆ ಇಟ್ಟುಕೊಳ್ಳುವುದಾದರೆ ಪರದೆಯ ಮೇಲೆ ಕಂಡದ್ದೂ ಅದರಲ್ಲಿ ಉಳಿಯುತ್ತದೆ ಎಂಬುದನ್ನು ಮರೆಯಬಾರದು.

ಅಪಾಯ ಎಲ್ಲಿದೆ?

ಸಾಮಾನ್ಯ ಹಂಚಿಕೆಯಲ್ಲಿ ಎದುರಿನವರು ನೋಡಬಲ್ಲರೇ ಹೊರತು ನಮ್ಮ ಯಂತ್ರವನ್ನು ನಡೆಸಲಾರರು. ಆದರೆ ನೋಡುವುದೊಂದೇ ಸಾಕಾಗುವ ಸಂದರ್ಭಗಳಿವೆ. ಮೊಬೈಲಿಗೆ ಬರುವ ಓಟಿಪಿ ಪರದೆಯ ಮೇಲೆ ಮೂಡಿದರೆ ಅದನ್ನು ಬಾಯಿಬಿಟ್ಟು ಹೇಳಬೇಕಾದ ಅಗತ್ಯವೇ ಉಳಿಯುವುದಿಲ್ಲ. ಇನ್ನು ಎನಿಡೆಸ್ಕ್‌ನಂತಹ ದೂರನಿಯಂತ್ರಣ ತಂತ್ರಾಂಶಗಳು ಯಂತ್ರದ ಹತೋಟಿಯನ್ನೇ ಎದುರಿನವರಿಗೆ ಒಪ್ಪಿಸಬಲ್ಲವು. ಅವು ತಾಂತ್ರಿಕ ನೆರವಿಗೆಂದು ರೂಪುಗೊಂಡ ಸಾಧನಗಳು. ವಂಚಕರು ಅವನ್ನು ದುರ್ಬಳಕೆ ಮಾಡುತ್ತಿರುವ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತ್ತು.

ಕೆವೈಸಿ ಮುಗಿದಿದೆ, ಕಾರ್ಡಿನ ಮಿತಿ ಹೆಚ್ಚಿಸುತ್ತೇವೆ, ಹಣ ವಾಪಸು ಬರಬೇಕಿದೆ ಎಂಬ ನೆಪಗಳಿಂದ ಇಂತಹ ಕರೆಗಳು ಆರಂಭವಾಗುತ್ತವೆ. ಮಗನೋ ಸೊಸೆಯೋ ಹೇಳಿದಂತೆ ಪರದೆ ಹಂಚಿ ಅಭ್ಯಾಸವಾದ ಹಿರಿಯರು, ಅಪರಿಚಿತರು ಅದೇ ಗುಂಡಿಯನ್ನು ಒತ್ತಲು ಹೇಳಿದಾಗಲೂ ಸಂಶಯಪಡುವುದಿಲ್ಲ. ಬ್ಯಾಂಕ್ ನೌಕರನಾಗಿ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ: ಖಾತೆಯ ಕೆಲಸಕ್ಕಾಗಿ ಗ್ರಾಹಕರ ಪರದೆಯನ್ನು ನೋಡಬೇಕಾದ ಪ್ರಮೇಯ ಬ್ಯಾಂಕಿಗೆ ಬರುವುದಿಲ್ಲ.

ಮೋಸವಾದರೆ

ಮೊದಲು ಮೊಬೈಲಿನ ಅಂತರ್ಜಾಲ ಸಂಪರ್ಕವನ್ನು ಕಡಿದು, ಅವರು ಹಾಕಿಸಿದ ತಂತ್ರಾಂಶವನ್ನು ತೆಗೆದುಹಾಕಬೇಕು. ಕಾರ್ಡಿನ ಹಿಂಬದಿಯಲ್ಲಿ ಮುದ್ರಿತವಾದ ಸಂಖ್ಯೆಗೆ ಬೇರೊಂದು ದೂರವಾಣಿಯಿಂದ ಕರೆ ಮಾಡಿ ಖಾತೆ, ಕಾರ್ಡು ಮತ್ತು ಯುಪಿಐ ವ್ಯವಹಾರವನ್ನು ನಿಲ್ಲಿಸಬೇಕು. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ನೀಡಬೇಕು. ಗ್ರಾಹಕರ ಅಜಾಗರೂಕತೆಯಿಂದಾದ ನಷ್ಟವನ್ನು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರೇ ಹೊರಬೇಕು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು ಎಂಬ ತತ್ತ್ವವನ್ನು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹಾಕಿಕೊಟ್ಟಿತು. ಆದ್ದರಿಂದ ನಾಚಿಕೆಯಿಂದಲೋ ಮನೆಯವರು ಬೈದಾರೆಂಬ ಭಯದಿಂದಲೋ ಸುಮ್ಮನಿದ್ದಷ್ಟೂ ನಷ್ಟ ಬೆಳೆಯುತ್ತದೆ.

ಮನೆಯ ಹಿರಿಯರಿಗೆ ಪರದೆ ಹಂಚುವುದನ್ನು ಕಲಿಸುವವರು ಅದನ್ನು ನಿಲ್ಲಿಸುವ ಗುಂಡಿಯನ್ನೂ ಅಂದೇ ತೋರಿಸಿಕೊಡಲಿ. ಕರೆ ಮಾಡಿದವರು ಪರಿಚಿತರಲ್ಲವಾದರೆ ಪರದೆ ಹಂಚಬಾರದು ಎಂಬ ಒಂದೇ ನಿಯಮವನ್ನು ಮನೆಮಂದಿಯೆಲ್ಲ ಪಾಲಿಸಲಿ.