ಓರೆ ಹಲ್ಲಿಗೆ ಅಳತೆಗೋಲು ಕೊಟ್ಟವರು ಯಾರು?

ನಮ್ಮ ಮುಡಬಿ ಕಡೆ ಅಡ್ಡಹೆಸರು ಇಡೋಕೆ ತಡ ಆಗಂಗಿಲ್ಲ. ಮುಂದಿನ ಹಲ್ಲು ಸ್ವಲ್ಪ ಹೊರಗೆ ಬಂದಿದ್ರೆ ಸಾಕು, ‘ಹಲ್ಲುಬ್ಬ’. ಇಟ್ಟವರು ಮರೀತಾರೆ. ಇಡಿಸಿಕೊಂಡವನು ಮಾತ್ರ ಎಂಟನೇ ಕ್ಲಾಸಿನಿಂದ ಬಾಯಿಗೆ ಕೈ ಅಡ್ಡ ಹಿಡಿದೇ ನಗ್ತಾನೆ. ನಿಮ್ಮ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ತೆಗೆದು ನೋಡಿ, ತುಟಿ ಬಿಗಿದು ನಿಂತವರು ಒಬ್ಬರಾದ್ರೂ ಸಿಗ್ತಾರೆ. ಹಂಗಾದ್ರೆ ಹಲ್ಲು ಹೀಗೇ ಇರಬೇಕು ಅಂತ ಹೇಳಿದವರು ಯಾರು?

ಕಾಲ ಬದಲಾದಂತೆ ಬಾಯಿಯ ಚಂದವೂ ಬದಲಾಗಿದೆ. ನಮ್ಮ ತಾಲೂಕಿನ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ. ಅಲ್ಲಿಂದ ಆಳಿದ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ಬಟ್ಟೆ, ಒಡವೆಗಳ ಜೊತೆ ತಾಂಬೂಲಕ್ಕೂ ಪ್ರತ್ಯೇಕ ಭಾಗವಿದೆ. ಎಲೆ ಅಡಿಕೆಯಿಂದ ಬಾಯಿ ಕೆಂಪಾಗೋದು ಅಂದಿನ ಸೊಗಸು. ಇವತ್ತು ಅದೇ ಕಲೆ ತೆಗೆಸೋಕೆ ಡೆಂಟಿಸ್ಟ್‌ಗೆ ದುಡ್ಡು ಕೊಡ್ತೀವಿ. ಜಪಾನಿನಲ್ಲಿ ಸಾಲು ತಪ್ಪಿ ಮುಂದೆ ಬಂದ ಕೋರೆಹಲ್ಲಿಗೆ ‘ಯಾಏಬಾ’ ಅಂತಾರೆ. ಅದನ್ನು ಮುದ್ದು ಅನ್ನೋರೂ ಅಲ್ಲಿದ್ದಾರೆ.

ಹಲ್ಲು ಸರಿಸುವ ಪಟ್ಟಿಯನ್ನು ಫ್ರಾನ್ಸಿನ ಪಿಯೆರ್ ಫೋಶಾರ್ 1728ರಲ್ಲೇ ತನ್ನ ಪುಸ್ತಕದಲ್ಲಿ ವಿವರಿಸಿದ್ದ. ಆದರೆ ನಿಯಮ ಬರೆದವನು ಅಮೆರಿಕದ ಎಡ್ವರ್ಡ್ ಆಂಗಲ್. ಮೇಲಿನ ದವಡೆಹಲ್ಲನ್ನು ಗುರುತಾಗಿಟ್ಟುಕೊಂಡು 1899ರಲ್ಲಿ ಅವನು ಮಾಡಿದ ಮೂರು ವರ್ಗಗಳನ್ನೇ ಡಾಕ್ಟರುಗಳು ಇಂದಿಗೂ ಬಳಸ್ತಾರೆ. ಇದು ಹಲ್ಲುಗಳು ಕಚ್ಚುವ ಲೆಕ್ಕ, ಒಪ್ಪೋಣ. ಆದರೆ ಮುಖದ ಚಂದಕ್ಕೆ ಆಂಗಲ್ ಮಾದರಿಯಾಗಿ ತೋರಿಸಿದ್ದು ವ್ಯಾಟಿಕನ್‌ನಲ್ಲಿರುವ ಅಪೊಲೊ ದೇವರ ಅಮೃತಶಿಲೆಯ ಮೂರ್ತಿಯನ್ನು! ಆ ಮೂರ್ತಿಗೂ ನಮ್ಮೂರ ಹುಡುಗನ ಮುಖಕ್ಕೂ ಏನು ಸಂಬಂಧ ಹೇಳ್ರಿ?

ಈ ವಿದ್ಯೆ ನಮ್ಮ ಕಡೆ ಬಂದದ್ದು ನಿಧಾನಕ್ಕೆ. ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು ಶುರುವಾದದ್ದು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ. ಈಗ ಬೀದರ್, ಕಲಬುರಗಿಯಲ್ಲೂ ಡೆಂಟಲ್ ಕಾಲೇಜುಗಳಿವೆ. ಬೆಂಗಳೂರಿನ ಆಫೀಸುಗಳಲ್ಲಿ ಮೂವತ್ತು ದಾಟಿದವರೂ ಅಲೈನರ್ ಹಾಕ್ಕೊಂಡು ಮೀಟಿಂಗಿಗೆ ಬರ್ತಾರೆ. ಯಾವ ಹಲ್ಲು ಎಷ್ಟು ಸರಿಯಬೇಕು ಅನ್ನೋದನ್ನ ಸಾಫ್ಟ್‌ವೇರಿನಲ್ಲೇ ಪ್ಲಾನ್ ಮಾಡ್ತಾರೆ.

ಹಲ್ಲು ಸರಿಯಾದ್ರೆ ಮನಸ್ಸೂ ಸರಿಯಾಗುತ್ತಾ? ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 1981ರಲ್ಲಿ 11-12 ವಯಸ್ಸಿನ 1,018 ಮಕ್ಕಳನ್ನು ಪರೀಕ್ಷಿಸಿದರು. 20 ವರ್ಷದ ಮೇಲೆ ಅವರಲ್ಲಿ 337 ಮಂದಿಯನ್ನು ಮತ್ತೆ ನೋಡಿದರು. ಅಗತ್ಯವಿದ್ದು ಚಿಕಿತ್ಸೆ ಪಡೆದವರ ಹಲ್ಲು ಚೆನ್ನಾಗಿತ್ತು, ಅದರ ಬಗ್ಗೆ ಸಮಾಧಾನವೂ ಇತ್ತು. ಆದರೆ ಚಿಕ್ಕಂದಿನಲ್ಲೇ ಇದ್ದ ಆತ್ಮವಿಶ್ವಾಸವನ್ನು ಲೆಕ್ಕಕ್ಕೆ ತಗೊಂಡಾಗ, ದೊಡ್ಡವರಾದ ಮೇಲಿನ ಮಾನಸಿಕ ನೆಮ್ಮದಿಗೆ ಚಿಕಿತ್ಸೆ ಸೇರಿಸಿದ್ದು ಅಲ್ಪವೇ. ಚಿಕಿತ್ಸೆ ಸಿಗದವರ ಬದುಕೇನೂ ಕುಸಿದಿರಲಿಲ್ಲ.

ಹಂಗಂತ ಕ್ಲಿಪ್ ಬೇಡ ಅಂತಲ್ಲ. ಮುಂದೆ ಚಾಚಿದ ಹಲ್ಲು ಬಿದ್ದಾಗ ಬೇಗ ಮುರಿಯುತ್ತೆ; ಕಚ್ಚೋಕೆ, ಅಗಿಯೋಕೆ ತೊಂದರೆ ಇದ್ರೆ ತೋರಿಸಲೇಬೇಕು. ಹದಿನಾಲ್ಕರ ಹುಡುಗಿಗೆ “ಮೂವತ್ತಕ್ಕೆ ಎಲ್ಲ ಮರೆತುಹೋಗುತ್ತೆ” ಅಂದ್ರೆ ಇವತ್ತಿನ ಅವಮಾನ ಕಡಿಮೆ ಆಗಂಗಿಲ್ಲ. ಅವಳಿಗೇ ಬೇಕು ಅನಿಸಿದ್ರೆ, ಮನೆಯಲ್ಲಿ ಅನುಕೂಲ ಇದ್ರೆ ಹಾಕಿಸಿ. ಆದರೆ ಕ್ಲಿಪ್ಪಿಗೆ ಸಾವಿರಾರು ರೂಪಾಯಿ ಹೊಂದಿಸಲಾಗದ ಮನೆಗಳೂ ನಮ್ಮೂರಲ್ಲಿ ಬೇಕಾದಷ್ಟಿವೆ. ಆ ಮಕ್ಕಳಿಗೆ ನಾವು ಮಾಡಬಹುದಾದದ್ದಕ್ಕೆ ಖರ್ಚಿಲ್ಲ: ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದೇ ಕರೆಯೋದು.