ಜಿಂಕೆ ಬೇಟೆಗೆ ಯಾವ ತೋಟಾ? ಅಮೆರಿಕದಲ್ಲಿ ಆಯ್ಕೆ ನಡೆಯುವುದು ಹೀಗೆ

ಅಮೆರಿಕದ ಹಲವು ರಾಜ್ಯಗಳಲ್ಲಿ ನವೆಂಬರ್ ಬಂತೆಂದರೆ ಜಿಂಕೆ ಬೇಟೆಯ ಕಾಲ. ಮಿಷಿಗನ್‌ನಲ್ಲಿ ಬಂದೂಕು ಬೇಟೆ ಶುರುವಾಗುವುದೇ ನವೆಂಬರ್ 15ರಂದು. ಅಲ್ಲಿ ಬೇಟೆ ಕಾನೂನುಬದ್ಧ. ಆದರೆ ಲೈಸೆನ್ಸ್ ಬೇಕು, ಬೇಟೆಯ ಅವಧಿಗೆ, ಪ್ರಾಣಿಗಳ ಸಂಖ್ಯೆಗೆ ಮಿತಿಯಿದೆ. ಬಳಸುವ ತೋಟಾಕ್ಕೂ ನಿಯಮವಿದೆ. ಕಾರಣ ಸರಳ: ತೋಟಾದ ಆಯ್ಕೆ ತಪ್ಪಿದರೆ ಪ್ರಾಣಿ ತಕ್ಷಣ ಸಾಯುವುದಿಲ್ಲ, ಗಾಯಗೊಂಡು ಕಾಡು ಸೇರಿ ಗಂಟೆಗಟ್ಟಲೆ ನರಳುತ್ತದೆ.

ಹೆಸರಿನಲ್ಲೇನಿದೆ?

ತೋಟಾ ಎಂದರೆ ಗುಂಡು ಮಾತ್ರವಲ್ಲ. ಹಿತ್ತಾಳೆಯ ಕವಚ, ಬೆಂಕಿ ಹೊತ್ತಿಸುವ ಪ್ರೈಮರ್, ಮದ್ದು ಮತ್ತು ತುದಿಯಲ್ಲಿ ಗುಂಡು, ಈ ನಾಲ್ಕೂ ಸೇರಿ ಒಂದು ತೋಟಾ.

ಇವುಗಳ ಹೆಸರು ಮಾತ್ರ ಗೊಂದಲಮಯ. '.30-06 ಸ್ಪ್ರಿಂಗ್‌ಫೀಲ್ಡ್'ನಲ್ಲಿ .30 ಎಂಬುದು ಇಂಚಿನಲ್ಲಿ ನಳಿಗೆಯ ಅಳತೆ, 06 ಎಂಬುದು ಅಮೆರಿಕ ಸೇನೆ ಅದನ್ನು ಅಳವಡಿಸಿಕೊಂಡ 1906ನೇ ಇಸವಿ. '.30-30'ರಲ್ಲಿ ಎರಡನೇ 30 ಇಸವಿಯಲ್ಲ, ಮೊದಲಿಗೆ ತುಂಬುತ್ತಿದ್ದ ಮದ್ದಿನ ತೂಕ. ಈ ತೂಕವನ್ನು ಗ್ರೇನ್‌ಗಳಲ್ಲಿ ಅಳೆಯುತ್ತಾರೆ. 150 ಗ್ರೇನ್ ಗುಂಡು ಎಂದರೆ 10 ಗ್ರಾಂಗಿಂತ ತುಸು ಕಡಿಮೆ.

ಶಕ್ತಿಯೊಂದೇ ಸಾಲದು

ಗುಂಡಿನ ತೂಕ ಎರಡು ಪಟ್ಟಾದರೆ ಅದರ ಶಕ್ತಿ ಎರಡು ಪಟ್ಟಾಗುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. '.308 ವಿಂಚೆಸ್ಟರ್' ತೋಟಾದ 150 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಬೀಳುತ್ತದೆ. ಆಗ ಅದರ ಶಕ್ತಿ ಸುಮಾರು 3,500 ಜೂಲ್.

ಆದರೆ ಪ್ರಾಣಿಯನ್ನು ಬೇಗ ಕೊಲ್ಲುವುದು ಈ ಅಂಕಿಯಲ್ಲ. ಗುಂಡು ಹೃದಯ ಅಥವಾ ಶ್ವಾಸಕೋಶ ತಲುಪಬೇಕು. ಬಿಳಿಬಾಲದ ಜಿಂಕೆಯಲ್ಲಿ ಈ ಜಾಗ ಸುಮಾರು 20 ಸೆಂಟಿಮೀಟರ್ ಅಗಲ, ಒಂದು ಊಟದ ತಟ್ಟೆಗಿಂತಲೂ ಚಿಕ್ಕದು.

ಗುಂಡಿನ ರಚನೆಯೂ ಅಷ್ಟೇ ಮುಖ್ಯ. ಪೂರ್ತಿ ಲೋಹದ ಹೊದಿಕೆಯ ಸೇನಾ ಗುಂಡು ಅರಳದೆ ದೇಹವನ್ನು ತೂರಿಕೊಂಡು ಹೋಗಬಹುದು. ಹಾಗಾಗಿ ಹಲವು ರಾಜ್ಯಗಳಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಅದು ನಿಷಿದ್ಧ. ಬೇಟೆಯ ಗುಂಡಿನ ಮೃದುವಾದ ತುದಿ ಒಳಹೊಕ್ಕ ಮೇಲೆ ಅಣಬೆಯಂತೆ ಅರಳುತ್ತದೆ. ತೀರಾ ಬೇಗ ಅರಳಿದರೂ ತೊಂದರೆಯೇ: ದೊಡ್ಡ ಪ್ರಾಣಿಯ ಭುಜದ ಮೂಳೆಗೆ ಬಡಿದು ಅಲ್ಲೇ ಚೂರಾಗಬಹುದು.

ಯಾವ ಪ್ರಾಣಿಗೆ ಯಾವುದು?

* .243 ವಿಂಚೆಸ್ಟರ್ (1955): ಒದೆತ ಕಡಿಮೆ. ಜಿಂಕೆಗೆ ಸಾಕು, ಎಲ್ಕ್‌ನಂಥ ದೊಡ್ಡ ಪ್ರಾಣಿಗೆ ಸಾಲದು ಎಂಬುದು ಸಾಮಾನ್ಯ ಅಭಿಪ್ರಾಯ.
* .30-30 ವಿಂಚೆಸ್ಟರ್ (1895): ದಟ್ಟ ಕಾಡಿನಲ್ಲಿ, 150 ಮೀಟರ್‌ ಒಳಗಿನ ಹೊಡೆತಕ್ಕೆ ಹಳೆಯ ನಂಬಿಕಸ್ಥ.
* .270 ವಿಂಚೆಸ್ಟರ್ (1925), 6.5 ಕ್ರೀಡ್‌ಮೂರ್: ಬಯಲು ಮತ್ತು ಬೆಟ್ಟಗಳಲ್ಲಿ ದೂರದ ಗುರಿಗೆ. ಕ್ರೀಡ್‌ಮೂರ್ ಈ ಶತಮಾನದ ತೋಟಾ, ಒದೆತವೂ ಹಗುರ.
* .308 ವಿಂಚೆಸ್ಟರ್ (1952), .30-06: ಜಿಂಕೆಗೂ ಸರಿ, ಭಾರದ ಗುಂಡು ಹಾಕಿದರೆ 300 ಕೆ.ಜಿ. ದಾಟುವ ಗಂಡು ಎಲ್ಕ್‌ಗೂ ಸರಿ. ಒಂದೇ ರೈಫಲ್ ಇಟ್ಟುಕೊಳ್ಳುವವರಿಗೆ ಹೆಚ್ಚಾಗಿ ಸಿಗುವ ಸಲಹೆ ಇದು.
* .300 ವಿಂಚೆಸ್ಟರ್ ಮ್ಯಾಗ್ನಮ್ (1963): ಎಲ್ಕ್, ಮೂಸ್ ಮತ್ತು ದೂರದ ಹೊಡೆತಕ್ಕೆ.

ಹೆಚ್ಚು ಶಕ್ತಿ, ಹೆಚ್ಚು ಒದೆತ

ದೊಡ್ಡ ತೋಟಾ ಕೊಂಡರೆ ಕೆಲಸ ಸುಲಭ ಎಂಬುದು ಹೊಸಬರ ತಪ್ಪು ಲೆಕ್ಕ. ತೋಟಾ ದೊಡ್ಡದಾದಷ್ಟೂ ಬಂದೂಕು ಭುಜಕ್ಕೆ ಜೋರಾಗಿ ಒದೆಯುತ್ತದೆ. ಒದೆತಕ್ಕೆ ಹೆದರಿದವರು ಕುದುರೆ ಎಳೆಯುವ ಕ್ಷಣದಲ್ಲೇ ಕಣ್ಣು ಮುಚ್ಚುತ್ತಾರೆ, ಗುರಿ ತಪ್ಪುತ್ತದೆ. ಹೊಟ್ಟೆಗೆ ಬಿದ್ದ ಮ್ಯಾಗ್ನಮ್ ಗುಂಡಿಗಿಂತ ಶ್ವಾಸಕೋಶಕ್ಕೆ ಬಿದ್ದ .243 ಗುಂಡು ಪ್ರಾಣಿಯನ್ನು ಬೇಗ ಕೆಡವುತ್ತದೆ.

ಕಾನೂನು ಏನನ್ನುತ್ತದೆ?

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೊಲರಾಡೊದಲ್ಲಿ ರೈಫಲ್ ಕನಿಷ್ಠ .24 ಕ್ಯಾಲಿಬರ್ ಇರಬೇಕು. ಜಿಂಕೆಗೆ ಕನಿಷ್ಠ 70 ಗ್ರೇನ್, ಎಲ್ಕ್‌ಗೆ 85 ಗ್ರೇನ್ ಗುಂಡು ಬೇಕು, ಅದು ಅರಳುವಂಥದ್ದಾಗಿರಬೇಕು. ಓಹಾಯೋದಲ್ಲಿ ಜಿಂಕೆ ಬೇಟೆಯ ರೈಫಲ್‌ಗೆ ನೇರ ಗೋಡೆಯ ಕವಚದ ತೋಟಾಗಳಷ್ಟೇ. ಇವು ಸಾಮಾನ್ಯವಾಗಿ ಹೆಚ್ಚು ದೂರ ಹಾರುವುದಿಲ್ಲ.

ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನೇ ನಿಷೇಧಿಸಿದೆ. ಬೇಟೆಗಾರರು ಬಿಟ್ಟುಹೋದ ಅವಶೇಷಗಳಲ್ಲಿನ ಸೀಸದ ಚೂರು ತಿಂದು, ಅಳಿವಿನಂಚಿನ ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು. ಈಗ ಅಲ್ಲಿ ತಾಮ್ರದಂಥ ಬೇರೆ ಲೋಹದ ಗುಂಡುಗಳೇ ಗತಿ.

ಭಾರತದಲ್ಲಿ?

ಭಾರತದಲ್ಲಿ ಈ ಆಯ್ಕೆಯ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆಗಳ ಬೇಟೆ ಶಿಕ್ಷಾರ್ಹ ಅಪರಾಧ. ಬಂದೂಕಿಗೆ ಲೈಸೆನ್ಸ್ ಇದ್ದರೆ ಬೇಟೆಗೂ ಅನುಮತಿ ಇದೆ ಎಂದಲ್ಲ. ಜೀವಕ್ಕೆ ಅಥವಾ ಬೆಳೆಗೆ ಅಪಾಯವಾದಾಗ ಕೆಲವು ಪ್ರಾಣಿಗಳನ್ನು ಕೊಲ್ಲಲು ಸಾಮಾನ್ಯವಾಗಿ ಅಧಿಕಾರಿಗಳ ಲಿಖಿತ ಆದೇಶ ಬೇಕು.

ಹಳೆಯ ಶಿಕಾರಿ ಕಥೆಗಳಲ್ಲಿ ಮಾತ್ರ ಈ ತೋಟಾಗಳ ಹೆಸರು ಉಳಿದಿದೆ. ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಪರಿಚಿತರಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕಿದ್ದು .275 ರಿಗ್ಬಿ ರೈಫಲ್.

ಆ ಹುಲಿ 436 ಜನರನ್ನು ಕೊಂದಿತ್ತೆಂದು ಕಾರ್ಬೆಟ್ ದಾಖಲಿಸಿದ್ದಾರೆ. ಅದರ ಬಲಬದಿಯ ಕೋರೆಹಲ್ಲುಗಳು ಮುರಿದಿದ್ದವು. ಯಾರೋ ಹಿಂದೆ ಹೊಡೆದ ಗುಂಡಿನ ಗಾಯವದು. ಸಹಜ ಬೇಟೆ ಆಡಲಾಗದೆ ಅದು ಮನುಷ್ಯರತ್ತ ತಿರುಗಿತು ಎಂಬುದು ಅವರ ವಿವರಣೆ.